ನಿಧಿ ನಿಕ್ಷೇಪ ಸಹಿತ

ಡಲ್ಲಸ್ ವಿಮಾನ ನಿಲ್ದಾಣ, ವರ್ಜೀನಿಯಾ

ನೋಂದಣಿ ಇಲಾಖೆಯಲ್ಲಿ ಮೂವತ್ತೊಂದು ವರ್ಷ ದುಡಿದು ಸಬ್ ರಿಜಿಸ್ಟ್ರಾರ್ ಆಗಿ ನಿವೃತ್ತಳಾದವಳು ನಾನು. ಆ ಕುರ್ಚಿ ನನಗೆ ಪೆನ್ಷನ್ನಿನ ಜೊತೆಗೆ ಒಂದು ಕಾಯಿಲೆಯನ್ನೂ ಕೊಟ್ಟು ಕಳಿಸಿದೆ. ಯಾರೇ ಎದುರಿಗೆ ಬಂದು ನಿಂತರೂ ಮೊದಲು ಅನುಮಾನ ಪಡುತ್ತೇನೆ, ಆಮೇಲೆ ನಮಸ್ಕಾರ ಮಾಡುತ್ತೇನೆ. ಸತ್ತ ಅಪ್ಪನ ಬದಲಿಗೆ ಬೇರೆ ಯಾರನ್ನೋ ಕರೆತಂದು ಹೆಬ್ಬೆಟ್ಟು ಒತ್ತಿಸಿದ ಮಕ್ಕಳನ್ನು ಕಂಡಿದ್ದೇನೆ. ಒಂದೇ ಸೈಟನ್ನು ಮೂವರಿಗೆ ಮಾರಿ ಮೂವರ ಮನೆಯಲ್ಲೂ ಊಟ ಮಾಡಿದವನನ್ನು ಕಂಡಿದ್ದೇನೆ. ಆದ್ದರಿಂದ ಅಮೆರಿಕದ ಕಸ್ಟಮ್ಸ್ ಅಧಿಕಾರಿ ನನ್ನ ಪೆಟ್ಟಿಗೆಯನ್ನು ಅನುಮಾನದಿಂದ ನೋಡಿದಾಗ ನನಗೆ ಸಿಟ್ಟು ಬರಲಿಲ್ಲ. ನಮ್ಮ ಇಲಾಖೆಯವನೇ ಸಿಕ್ಕಿದ ಎನ್ನಿಸಿತು.

ಅವನ ಕೈಗೆ ಸಿಕ್ಕಿದ್ದು ಅಂಟುವಾಳಕಾಯಿಯ ಪೊಟ್ಟಣ. ಇದೇನು ಎಂದು ಕೇಳಿದ. ಸೋಪ್ ನಟ್ ಎಂದೆ. ಸೋಪೋ, ತಿನ್ನುವ ಬೀಜವೋ ಎಂದ. ತಿನ್ನುವುದಿಲ್ಲ, ಇದರಲ್ಲಿ ಚಿನ್ನ ತೊಳೆಯುತ್ತೇವೆ ಎಂದೆ. ಚಿನ್ನ ಎಂಬ ಮಾತು ಕಿವಿಗೆ ಬಿದ್ದದ್ದೇ ಅವನ ಹುಬ್ಬು ಮೇಲೇರಿತು. ಚಿನ್ನ ಎಲ್ಲಿ ಎಂದು ಕೇಳಿದ. ಅಕ್ಕನ ಹತ್ತಿರ ಎಂದೆ. ಅಕ್ಕ ಎಲ್ಲಿ ಎಂದ. ಹೊರಗೆ ಎಂದೆ. ಒಂದು ಕಾಯಿ ಒಡೆದು, ಮೂಸಿ, ಮುಖ ಕಿವುಚಿ ಪೊಟ್ಟಣವನ್ನು ವಾಪಸ್ ಕೊಟ್ಟ.

ಇಷ್ಟೂ ಹೊತ್ತು ನನ್ನ ಎದೆ ಹೊಡೆದುಕೊಳ್ಳುತ್ತಿದ್ದದ್ದು ಬೇರೆ ಕಾರಣಕ್ಕೆ. ವಿಮಾನದಲ್ಲಿ ಊಟದ ಜೊತೆ ಕೊಟ್ಟಿದ್ದ ಪುಟ್ಟ ಸ್ಟೀಲ್ ಚಮಚವೊಂದು ನನ್ನ ಕೈಚೀಲಕ್ಕೆ ಸೇರಿಕೊಂಡಿತ್ತು. ಸೇರಿಕೊಂಡಿತ್ತು ಎಂದೇ ಬರೆಯುತ್ತೇನೆ, ಕ್ರಯಪತ್ರ ಬರೆಯುವವರಿಗೆ ಇಂಥ ಕ್ರಿಯಾಪದಗಳು ಚೆನ್ನಾಗಿ ಗೊತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಹಾಗೆ, ಅವನು ಅಂಟುವಾಳ ಮೂಸುತ್ತಿದ್ದಾಗ ನಾನು ಕೈಚೀಲದ ಜಿಪ್ಪನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ.

ಆಲ್ಡಿ

ಅಕ್ಕ ಭಾವ ಇರುವುದು ವರ್ಜೀನಿಯಾದ ಆಲ್ಡಿ ಎಂಬ ಕಡೆ, ಹೊಸ ಬಡಾವಣೆಯಲ್ಲಿ. ಎಲ್ಲ ಮನೆಗಳೂ ಒಂದೇ ಅಚ್ಚು, ಒಂದೇ ಬಣ್ಣ. ಕಾಂಪೌಂಡ್ ಗೋಡೆ ಎಂಬುದೇ ಇಲ್ಲ. ಚಕ್ಕುಬಂದಿ ಬರೆಯದೆ, ಅಂದರೆ ಪೂರ್ವಕ್ಕೆ ಯಾರದು ಪಶ್ಚಿಮಕ್ಕೆ ಯಾರದು ಎಂದು ನಾಲ್ಕು ಕಡೆಯ ಎಲ್ಲೆ ಹೇಳದೆ ಒಂದು ಅಡಿ ಜಾಗವನ್ನೂ ನೋಂದಾಯಿಸದ ನನಗೆ ಇದು ಸ್ವಲ್ಪವೂ ಸರಿಬರಲಿಲ್ಲ. ಇವರ ಹುಲ್ಲು ಎಲ್ಲಿ ಮುಗಿಯುತ್ತದೆ, ಪಕ್ಕದವರ ಹುಲ್ಲು ಎಲ್ಲಿ ಶುರುವಾಗುತ್ತದೆ ಎಂದು ಕೇಳಿದರೆ ಭಾವ ನಕ್ಕು, "ಹುಲ್ಲು ಕಟ್ ಮಾಡೋ ದಿನ ಗೊತ್ತಾಗುತ್ತೆ ಸುಮಿ" ಎಂದರು.

ನಾನು ಪೆಟ್ಟಿಗೆ ಬಿಚ್ಚಿ ಚಟ್ನಿಪುಡಿ, ಹುರಿಗಾಳು ತೆಗೆದುಕೊಟ್ಟಾಗ ಅಕ್ಕ ಖುಷಿಪಟ್ಟಳು. ಅಂಟುವಾಳದ ಪೊಟ್ಟಣ ಕಂಡದ್ದೇ ಅವಳ ಮುಖ ಕಪ್ಪಿಟ್ಟಿತು.

"ಇದನ್ಯಾಕೆ ತಂದೆ? ಈ ಮನೆಗೆ ಇದು ಬೇಡ."

ಹಾಗೆಂದವಳೇ ಪೊಟ್ಟಣವನ್ನು ಕಸದ ಡಬ್ಬಿಗೆ ಹಾಕಿದಳು. ಊಟದ ಮೇಜಿನಲ್ಲಿದ್ದ ಭಾವ ತಲೆ ಎತ್ತಲಿಲ್ಲ. ಎತ್ತಬೇಕಿತ್ತು. ಸಾವಿರಾರು ಮೈಲಿ ದಾಟಿ ಬಂದ ಸಾಮಾನು ಕಸಕ್ಕೆ ಬಿದ್ದರೆ ಯಾರಾದರೂ ತಲೆ ಎತ್ತುತ್ತಾರೆ. ನಾನು ಅದನ್ನು ಮನಸ್ಸಿನಲ್ಲಿ ಗುರುತು ಹಾಕಿಕೊಂಡೆ.

ಅಂಟುವಾಳದ ಮೇಲಿನ ಅಕ್ಕನ ಸಿಟ್ಟು ನನಗೆ ಗೊತ್ತಿಲ್ಲದ್ದೇನಲ್ಲ. ಐವತ್ತು ವರ್ಷದ ಹಿಂದೆ ಭಾವ ಹೊಸದಾಗಿ ಡಾಕ್ಟರಾಗಿ ಬಂದಾಗ ಸೌತ್ ಕ್ಯಾರೊಲೈನಾದ ಒಂದು ಸಣ್ಣ ಊರಿನಲ್ಲಿ ಬಾಡಿಗೆ ಮನೆ ಹಿಡಿದಿದ್ದರು. ಒಂದು ಬೆಳಗ್ಗೆ ಅಕ್ಕ ಅಜ್ಜಿಯ ಕೆಂಪಿನ ಓಲೆಗಳನ್ನು ಅಂಟುವಾಳದ ನೀರಿನ ಬೋಗುಣಿಯಲ್ಲಿ ನೆನೆಹಾಕಿ ಮಗುವಿಗೆ ಹಾಲು ಕೊಡಲು ಒಳಗೆ ಹೋದಳು. ಹೊರಗೆ ಬರುವಷ್ಟರಲ್ಲಿ ಬೋಗುಣಿ ತೊಳೆದು ಬೋರಲು ಹಾಕಿತ್ತು, ಓಲೆ ಇರಲಿಲ್ಲ. ಪಾತ್ರೆ ತೊಳೆಯುತ್ತಿದ್ದವಳು ಪಕ್ಕದ ಮನೆಯ ಕಪ್ಪು ಹೆಂಗಸು, ಅರ್ಲೀನ್ ಎಂದು ಹೆಸರು, ಮಗು ನೋಡಿಕೊಳ್ಳಲು ಬರುತ್ತಿದ್ದಳು. ಬೋಗುಣಿ ಖಾಲಿಯಾಗಿಯೇ ಇತ್ತು ಎಂದು ಅವಳು ಹೇಳಿದಳಂತೆ. ಅಕ್ಕ ಅವಳ ಕೈಚೀಲವನ್ನು ಮೆಟ್ಟಿಲ ಮೇಲೆ ಸುರಿಸಿದಳು. ಏನೂ ಸಿಗಲಿಲ್ಲ. ಅವಳು ಸಾಮಾನು ಆಯ್ದುಕೊಂಡು ಹೋದವಳು ಮತ್ತೆ ಬರಲಿಲ್ಲ.

ಈ ವಿಷಯ ಬರೆದು ಅಕ್ಕ ಊರಿಗೆ ಕಾಗದ ಹಾಕಿದಾಗ ನಾನು ಎಂಟನೇ ಕ್ಲಾಸು. ಅಮ್ಮನಿಗೆ ಬರೆಯಲು ಬರುತ್ತಿರಲಿಲ್ಲ. ಉತ್ತರವನ್ನು ಅಮ್ಮ ಹೇಳಿದಳು, ನಾನು ಬರೆದೆ. "ಆ ಅರ್ಲೀನ್ ಎಂಬುವಳೇ ಕದ್ದಿದ್ದಾಳೆ, ಇದರಲ್ಲಿ ಸಂಶಯವೇ ಇಲ್ಲ" ಎಂಬ ಸಾಲು ಮಾತ್ರ ಅಮ್ಮನದಲ್ಲ, ನನ್ನದು. ಬರೆದಾದ ಮೇಲೆ ಕೆಳಗೆ ಗೆರೆಯನ್ನೂ ಎಳೆದಿದ್ದೆ.

ಮಧ್ಯಾಹ್ನ ಭಾವ ಮಲಗಿದಾಗ ಅಕ್ಕ ನನ್ನನ್ನು ಗರಾಜಿಗೆ ಕರೆದುಕೊಂಡು ಹೋದಳು. ಅಲ್ಲಿ ಗೋಡೆಗೆ ಒಂದು ಯಂತ್ರ ಒರಗಿತ್ತು. ಉದ್ದ ಕೋಲು, ತುದಿಯಲ್ಲಿ ಊಟದ ತಟ್ಟೆಯಷ್ಟಗಲದ ಬಳೆ. ನೆಲದ ಮೇಲೆ ಆಡಿಸಿದರೆ ಕೆಳಗೆ ಲೋಹವಿದ್ದ ಕಡೆ ಕೂಗುತ್ತದಂತೆ. ಕೊರೊನಾದ ಕಾಲದಲ್ಲಿ ಮನೆಯಲ್ಲಿ ಕೂರಲಾಗದೆ ಭಾವ ಇದನ್ನು ತರಿಸಿಕೊಂಡು ಹಾಳುಮನೆಗಳ ಜಾಗದಲ್ಲಿ ಹಳೆಯ ನಾಣ್ಯ ಹುಡುಕಲು ಶುರುಮಾಡಿದ್ದರು. ಕಪಾಟಿನಲ್ಲಿ ತುಕ್ಕು ಹಿಡಿದ ಮೊಳೆ, ಸಿಪಾಯಿಗಳ ಗುಂಡಿ, ಸೀಸದ ಗುಂಡು, ಕಪ್ಪಾದ ನಾಣ್ಯಗಳು. ಒಂದು ದೊಡ್ಡ ಡಬ್ಬಿಯ ತುಂಬ ಸೋಡಾ ಕ್ಯಾನಿನ ಕಿವಿಗಳು, ಎಳೆದು ತೆರೆಯುವ ತಗಡಿನ ಚೂರುಗಳು.

"ನಿಮ್ಮ ಭಾವನ ಕಥೆ ಕೇಳು. ತಿಂಗಳಿಗೊಂದ್ಸಲ ಕ್ಯಾರೊಲೈನಾಗೆ ಡ್ರೈವ್ ಮಾಡ್ತಾರೆ. ಫ್ರೆಂಡ್ ವಾಲ್ಟರ್ ಜೊತೆ ಅಂತಾರೆ. ಬರ್ತಾ ಶೂ ತುಂಬ ಕೆಂಪು ಮಣ್ಣು. ಏನು ಸಿಕ್ತು ಅಂದ್ರೆ ನಥಿಂಗ್ ಅಂತಾರೆ. ಏನೂ ಸಿಗದೆ ಇರೋ ಕಡೆ ಯಾರಾದ್ರೂ ಆರು ಸಲ ಹೋಗ್ತಾರೇನೆ?"

"ಏನಂತ ನಿನ್ನ ಅನುಮಾನ? ಎಪ್ಪತ್ತೇಳು ವಯಸ್ಸು ಅಕ್ಕ ಅವರಿಗೆ!"

"ವಯಸ್ಸಿಗೂ ಅದಕ್ಕೂ ಏನು ಸಂಬಂಧ? ಆಫೀಸಲ್ಲಿ ಎಷ್ಟು ಜನರ ಬಂಡವಾಳ ಬಯಲು ಮಾಡಿದೀಯ. ಇವರದೊಂದು ಮಾಡು."

ಟಿಕೆಟ್ ಕಳಿಸಿ ನನ್ನನ್ನು ಕರೆಸಿಕೊಂಡದ್ದು ಚಟ್ನಿಪುಡಿಗಲ್ಲ ಎಂದು ಆಗ ತಿಳಿಯಿತು.

ಕ್ಲಾರ್ಕ್ಸ್‌ಬರ್ಗ್

ನಾನೂ ನೋಡಬೇಕು ಎಂದು ಹಟ ಹಿಡಿದು ಶನಿವಾರ ಭಾವನ ಜೊತೆ ಹೊರಟೆ. ಮೇರಿಲ್ಯಾಂಡಿನ ಕ್ಲಾರ್ಕ್ಸ್‌ಬರ್ಗಿನಲ್ಲಿ ವಾಲ್ಟರ್ ಕಾದಿದ್ದರು. ಮಂಗಳೂರಿನವರು, ಬಿಳಿ ಮೀಸೆ, ಸೊಂಟಕ್ಕೆ ಸಣ್ಣ ಗುದ್ದಲಿ. ನಾನು ಮೊದಲು ಕೇಳಿದ್ದೇ ಜಮೀನಿನವರ ಒಪ್ಪಿಗೆ ಪತ್ರ. ಅವರು ಪ್ಲಾಸ್ಟಿಕ್ ಹಾಳೆಯೊಳಗಿಟ್ಟ ಕಾಗದ ತೆಗೆದು ಕೊಟ್ಟರು. ತಾರೀಖು, ಸಹಿ, ಫೋನ್ ನಂಬರು ಎಲ್ಲ ಇತ್ತು. ನನಗೆ ಸ್ವಲ್ಪ ನಿರಾಸೆಯೇ ಆಯಿತು.

ಹೊಸ ಮನೆಗಳ ಸಾಲು ಮುಗಿಯುವ ಕಡೆ ಒಂದು ಬಯಲು. ಮನೆ ಇರಲಿ, ಮನೆಯ ಗುರುತೂ ಇರಲಿಲ್ಲ. ಆದರೆ ಒಣಹುಲ್ಲಿನ ನಡುವೆ ಹಳದಿ ಡ್ಯಾಫೊಡಿಲ್ ಹೂಗಳು ನೆಟ್ಟಗೆ ಸಾಲಾಗಿ ಅರಳಿದ್ದವು. ಈ ಹೂ ತಾನಾಗಿ ಸಾಲು ಹಿಡಿಯುವುದಿಲ್ಲವಂತೆ. ಅಂಗಳದ ಅಂಚಿಗೆ ಯಾವಳೋ ನೆಟ್ಟಿರುತ್ತಾಳೆ. ಮನೆ ಬಿದ್ದುಹೋದರೂ ಪ್ರತಿ ವಸಂತದಲ್ಲಿ ಅಂಗಳ ಮಾತ್ರ ಎದ್ದು ಬರುತ್ತದೆ. ನಮ್ಮ ಕಂದಾಯ ದಾಖಲೆಗಳಲ್ಲಿ ಜನ ಬಿಟ್ಟುಹೋದ ಊರಿಗೆ ಬೇಚಿರಾಕ್ ಎಂದು ಬರೆಯುತ್ತಾರೆ. ದೀಪವಿಲ್ಲದ್ದು ಎಂದರ್ಥ. ಅಂಥ ಊರುಗಳಲ್ಲೂ ಹೀಗೇ ಒಂದು ಕಣಗಿಲೆ ಗಿಡವೋ ಕಟ್ಟೆ ಒಡೆದ ಬಾವಿಯೋ ಇಲ್ಲಿ ಅಡುಗೆಯಾಗುತ್ತಿತ್ತು ಎಂದು ಸಾಕ್ಷಿ ಹೇಳುತ್ತಿರುತ್ತದೆ.

ವಾಲ್ಟರ್ ಯಂತ್ರ ಆಡಿಸಿದರು. ಕೂಗಿತು. ಅಗೆದರು. ಗುಡ್ಡ ಅಗೆದು ಇಲಿ ಹಿಡಿದ ಹಾಗೆ ಒಂದು ಬಾಗಿಲಿನ ಚಿಲಕ ಸಿಕ್ಕಿತು. ಅದನ್ನು ಅವರು ಹೂವಿನಷ್ಟು ಮೆಲ್ಲಗೆ ಒರೆಸಿ ಚೀಲಕ್ಕೆ ಹಾಕಿಕೊಂಡರು. ನೆಲಕ್ಕೆ ಗುದ್ದಲಿ ಬಿದ್ದಾಗಲೆಲ್ಲ ನನ್ನ ತಲೆಯಲ್ಲಿ ಒಂದು ಮಾತು ಸುತ್ತುತ್ತಿತ್ತು. ನಮ್ಮ ಕ್ರಯಪತ್ರಗಳ ಕೊನೆಗೆ ಬರುತ್ತದಲ್ಲ, ಈ ಸ್ವತ್ತನ್ನು "ನಿಧಿ, ನಿಕ್ಷೇಪ, ಜಲ, ತರು, ಪಾಷಾಣ ಸಹಿತವಾಗಿ" ನಿಮಗೆ ಬಿಟ್ಟುಕೊಟ್ಟಿದ್ದೇನೆ ಎಂದು. ಭೂಮಿ ಯಾರದೋ ಅದರೊಳಗೆ ಹೂತದ್ದೂ ಅವರದೇ. ಅದರ ಮೇಲೆ ಸರ್ಕಾರದ ಕಾನೂನು ಬೇರೆ ಇದೆ, ಆ ಮಾತು ಬೇರೆ. ಸಾವಿರಾರು ಸಲ ಆ ಸಾಲಿನ ಮೇಲೆ ಮೊಹರು ಒತ್ತಿದ್ದೇನೆ. ನಿಜವಾಗಿಯೂ ಯಾರೋ ಅಗೆಯುವುದನ್ನು ನೋಡಿದ್ದು ಇದೇ ಮೊದಲು.

ಭಾವ ಬಯಲಿನ ಆಚೆ ತುದಿಯಲ್ಲಿದ್ದರು. ವಾಲ್ಟರ್ ನನ್ನ ಪಕ್ಕ ಕೂತು ಫ್ಲಾಸ್ಕಿನಿಂದ ಚಹಾ ಬಗ್ಗಿಸಿದರು.

"ನಿಮ್ಮ ಭಾವನದು ವಿಚಿತ್ರ ಉಂಟು ಮಾರಾಯ್ರೆ. ಬೆಳ್ಳಿ ನಾಣ್ಯಕ್ಕೆ ಈ ಮಷಿನಲ್ಲಿ ಚಂದದ ಗಟ್ಟಿ ಸ್ವರ ಬರ್ತದೆ. ಸೋಡಾ ಕ್ಯಾನಿನ ಕಿವಿಗೆ ನಡುವಿನ ಸ್ವರ. ಅದು ಕಸ ಅಂತ ನಾವೆಲ್ಲ ಬಿಟ್ಟು ಹೋಗುವುದು. ಅವರು ಅದನ್ನೇ ಅಗೆಯುವುದು!"

"ಯಾಕೆ?"

"ಸಣ್ಣ ಚಿನ್ನಕ್ಕೂ ಅದೇ ಸ್ವರ. ಆದರೆ ಇಂಥ ಬಡವರ ಹಿತ್ತಿಲಲ್ಲಿ ಚಿನ್ನ ಎಲ್ಲಿಂದ ಬರಬೇಕು? ಕೇಳಿದರೆ, ಕಿವಿ ಅಭ್ಯಾಸ ಆಗಬೇಕು ವಾಲ್ಟರ್ ಅಂತಾರೆ."

"ಕ್ಯಾರೊಲೈನಾದಲ್ಲೂ ಹೀಗೇ ಮಾಡ್ತಾರಾ?"

"ಕ್ಯಾರೊಲೈನಾವಾ? ನಾನು ಅವರೊಟ್ಟಿಗೆ ಅಲ್ಲಿಗೆ ಹೋದದ್ದೇ ಇಲ್ಲವಲ್ಲ."

ನಾನು ಚಹಾದ ಲೋಟ ಕೆಳಗಿಟ್ಟೆ. ಆಚೆ ತುದಿಯಲ್ಲಿ ಭಾವ ಮಂಡಿಯೂರಿ ಏನನ್ನೋ ಅಗೆದು, ನೋಡಿ, ಜೇಬಿಗೆ ಹಾಕಿಕೊಂಡರು. ಅಕ್ಕನ ಗಂಡ ಎಂದು ಐವತ್ತಕ್ಕೂ ಹೆಚ್ಚು ವರ್ಷ ಗೌರವ ಕೊಟ್ಟ ಮನುಷ್ಯ ಆ ಹೊತ್ತಿಗೆ ನನಗೆ ಸುಳ್ಳು ಹೆಬ್ಬೆಟ್ಟಿನವನ ಹಾಗೆ ಕಂಡರು. ನನಗೆ ಅಕ್ಕನ ಮೇಲೆ ಅಳು ಬರುವಷ್ಟು ಮರುಕ ಬಂತು.

ಕ್ಯಾರಿ

ಅಕ್ಕನ ಮಗನ ಮನೆ ನಾರ್ತ್ ಕ್ಯಾರೊಲೈನಾದ ಕ್ಯಾರಿಯಲ್ಲಿ. ಮೊಮ್ಮಗಳ ಹುಟ್ಟುಹಬ್ಬ ಎಂದು ಮೂವರೂ ಹೋದೆವು. ಅಲ್ಲಿ ಅಂಗಡಿಯಲ್ಲಿ ನುಗ್ಗೆಕಾಯಿ, ದೇವಸ್ಥಾನದಲ್ಲಿ ಪುಳಿಯೋಗರೆ ಎಲ್ಲ ಸಿಗುತ್ತದೆ, ಆದರೆ ನಡೆದುಕೊಂಡು ಹೋಗಿ ತರಲು ಮಾತ್ರ ಆಗುವುದಿಲ್ಲ. ಸಂಜೆ ಕಾಲಾಡಿಸಿಕೊಂಡು ಬರಲು ಹೊರಟವಳನ್ನು ಎರಡು ಕಾರುಗಳು ನಿಲ್ಲಿಸಿ, ಆಂಟಿ, ಏನಾದರೂ ತೊಂದರೆಯಾ ಎಂದು ಕೇಳಿದವು. ನಡೆಯುವುದೇ ಇಲ್ಲಿ ಅನುಮಾನದ ಕೆಲಸ.

ಹಬ್ಬದ ಮರುದಿನ ನಾನು ನಿರೀಕ್ಷಿಸಿದಂತೆಯೇ ಭಾವ ಯಂತ್ರವನ್ನು ಕಾರಿಗೆ ಹಾಕಿದರು. ಎರಡೂವರೆ ಗಂಟೆಯ ದಾರಿ, ಸಂಜೆಗೆ ಬರುತ್ತೇನೆ ಎಂದರು. ನಾನೂ ಚಿತ್ರಾನ್ನದ ಡಬ್ಬಿ ಹಿಡಿದು ಮುಂದಿನ ಸೀಟಿನಲ್ಲಿ ಕೂತೆ.  ನೀನೂ ಬಾ ಎಂದು ಅಕ್ಕನನ್ನು ಕರೆದೆ.

"ಸೌತ್ ಕ್ಯಾರೊಲೈನಾಗಾ? ಆ ಕಳ್ಳರ ಕಡೆ ನಾನು ಜನ್ಮದಲ್ಲಿ ಕಾಲಿಡಲ್ಲ" ಎಂದು ಬಾಗಿಲು ಹಾಕಿಕೊಂಡಳು.

ಹೆದ್ದಾರಿಗೆ ಬಂದ ಮೇಲೆ ನಾನು ಕೈ ಚಾಚಿದೆ.

"ಭಾವ, ಒಪ್ಪಿಗೆ ಪತ್ರ."

"ಇದೆ ಸುಮಿ, ಡೋಂಟ್ ವರಿ."

"ಇದ್ದರೆ ತೋರಿಸಿ. ಕಾಗದ ನೋಡದೆ ನಾನು ಯಾರ ಜಮೀನಿಗೂ ಕಾಲಿಡೋಳಲ್ಲ."

ಅವರು ನನ್ನ ಸೀಟಿನ ಎದುರಿನ ಖಾನೆ ತೋರಿಸಿದರು. ಅದರೊಳಗೆ ಒಂದು ಕಾಗದವಿತ್ತು. ಗೆರೆ ಹಾಳೆಯ ಮೇಲೆ ನಡುಗುವ ಕೈಬರಹದಲ್ಲಿ ಎರಡೇ ಸಾಲು. ಹಳೆ ಮನೆಯ ಹಿಂದೆ ಅಗೆಯಬಹುದು, ಗುಂಡಿ ಮುಚ್ಚಿ ಹೋಗಬೇಕು. ಕೆಳಗೆ ಒಂದು ಹೆಂಗಸಿನ ಹೆಸರು. ಅಕ್ಕನ ಅನುಮಾನ ನಿಜವಾಯಿತಲ್ಲ ಎಂದುಕೊಳ್ಳುವಷ್ಟರಲ್ಲಿ ಆ ಹೆಸರನ್ನು ಪೂರ್ತಿ ಓದಿದೆ. ಅರ್ಲೀನ್. ಹದಿಮೂರನೇ ವಯಸ್ಸಿನಲ್ಲಿ ನಾನು ಏರ್‌ಮೇಲ್ ಕಾಗದದಲ್ಲಿ ಬರೆದು ಕೆಳಗೆ ಗೆರೆ ಎಳೆದಿದ್ದ ಹೆಸರು.

ಹೆಸರು ಬರೆಯಬಾರದ ಊರು

ಆ ಊರಿನ ಹೆಸರನ್ನು ನಾನು ಬರೆಯುವುದಿಲ್ಲ. ಕೆಂಪು ಮಣ್ಣು, ಪೈನ್ ಮರಗಳು, ಮುಚ್ಚಿದ ಹತ್ತಿ ಗಿರಣಿ. ಅಕ್ಕ ಭಾವ ಬಾಡಿಗೆಗಿದ್ದ ಮನೆ ಬಿದ್ದುಹೋಗಿತ್ತು. ಇಟ್ಟಿಗೆಯ ಹೊಗೆಗೂಡು ಒಂದು, ಹಿತ್ತಿಲ ಕಡೆಗೆ ಇಳಿಯುವ ನಾಲ್ಕು ಸಿಮೆಂಟ್ ಮೆಟ್ಟಿಲು, ಅಷ್ಟೆ ಉಳಿದಿದ್ದದ್ದು. ಮೇಲೆ ಬಾಗಿಲಿಲ್ಲ, ಮನೆಯಿಲ್ಲ, ಆಕಾಶಕ್ಕೆ ಹತ್ತಿಸುವ ಮೆಟ್ಟಿಲಿನಂತೆ ನಿಂತಿದ್ದವು. ಪಕ್ಕದಲ್ಲಿ ಬಿಳಿ ಬಣ್ಣದ ಸಣ್ಣ ಮನೆ, ಅದರ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಒಬ್ಬ ಮುದುಕಿ ಕೂತಿದ್ದರು. ಭಾವ ಟೋಪಿ ತೆಗೆದು, "ಮಿಸ್ ಅರ್ಲೀನ್" ಎಂದು ದೂರದಿಂದಲೇ ವಂದಿಸಿದರು. ಆ ಕಡೆ ಹಿರಿಯ ಹೆಂಗಸರನ್ನು ಬರೀ ಹೆಸರು ಹಿಡಿದು ಕರೆಯುವುದಿಲ್ಲ, ಮುಂದೆ ಮಿಸ್ ಸೇರಿಸುತ್ತಾರೆ. ನಾವು ಹಿಂದೆ ಅಮ್ಮ ಸೇರಿಸುವ ಹಾಗೆ. ನಾನು ಮನಸ್ಸಿನಲ್ಲೇ ಅವರನ್ನು ಅರ್ಲೀನಮ್ಮ ಎಂದುಕೊಂಡೆ.

ಬಿದ್ದುಹೋದ ಮನೆಯ ಜಾಗ, ಅದರ ಹಿತ್ತಿಲು ಈಗ ಅವರದೇ. ಹಳೆಯ ಮಾಲೀಕರ ಮಕ್ಕಳು ಮಾರಿದಾಗ ಕೊಂಡರಂತೆ.

"ಅವರಿಗೆ ನಿಮ್ಮ ಗುರುತು ಸಿಕ್ಕಿಲ್ವಾ?" ಎಂದು ಕೇಳಿದೆ.

"ಇಲ್ಲ. ರಿಟೈರ್ಡ್, ಹಾಬಿ ಅಂತ ಹೇಳಿದೀನಿ."

ಭಾವ ನೇರವಾಗಿ ಮೆಟ್ಟಿಲ ಬಳಿ ಹೋಗಿ ಅದರ ಎದುರಿಗೆ ಮೂರು ಹೆಜ್ಜೆ ಅಳೆದು ಯಂತ್ರ ಆಡಿಸತೊಡಗಿದರು. ಅಲ್ಲಿ ಆಗಲೇ ಅಗೆದು ಮುಚ್ಚಿದ ಹತ್ತಾರು ಗುಂಡಿಗಳ ಗುರುತಿತ್ತು. ನಾನು ಹೊಗೆಗೂಡಿನ ನೆರಳಿನಲ್ಲಿ ನಿಂತು ನೋಡಿದೆ. ಏನೂ ಗೊತ್ತಿಲ್ಲದವನು ಇಡೀ ಹಿತ್ತಿಲು ಹುಡುಕುತ್ತಾನೆ. ಗೊತ್ತಿದ್ದವನು ಮಾತ್ರ ಒಂದೇ ಕಡೆ ಹುಡುಕುತ್ತಾನೆ. ಕಸದ ಸ್ವರ, ಸಣ್ಣ ಚಿನ್ನ, ಊಟದ ಮೇಜಿನಲ್ಲಿ ಎತ್ತದ ತಲೆ, ಎಲ್ಲ ಒಂದೊಂದಾಗಿ ಬಂದು ಸಾಲಿನಲ್ಲಿ ನಿಂತವು.

"ಭಾವ, ಅವತ್ತು ಬೋಗುಣಿ ಖಾಲಿ ಮಾಡಿದ್ದು ಯಾರು?"

ಯಂತ್ರ ನಿಂತಿತು. ಅವರು ಬೆನ್ನು ತಿರುಗಿಸಿಕೊಂಡೇ ಹೇಳಿದರು.

"ಡ್ಯೂಟಿಗೆ ಲೇಟ್ ಆಗಿತ್ತು ಸುಮಿ. ಟೇಬಲ್ ಮೇಲೆ ಕಂದು ನೀರು, ನೊರೆ. ಯಾವುದೋ ಕೊಳಕು ನೀರು, ಮಗು ಮುಟ್ಟೀತು ಅಂತ ಹಿತ್ತಿಲಿಗೆ ಚೆಲ್ಲಿ ಬೋಗುಣಿ ಸಿಂಕಲ್ಲಿ ಇಟ್ಟು ಹೋದೆ. ಸಾಯಂಕಾಲ ಬಂದಾಗ ನಿಮ್ಮಕ್ಕ ಅಳ್ತಾ ಇದ್ಲು. ಆಗ್ಲೇ ಆಕೆ ಚೀಲ ಸುರಿಸಿ ಆಗಿತ್ತು. ನಂಗೆ ಕನೆಕ್ಟ್ ಆಗ್ಲಿಲ್ಲ. ನಾಲ್ಕು ದಿನ ಆದ್ಮೇಲೆ ಹುಲ್ಲಲ್ಲಿ ಅಂಟುವಾಳದ ಸಿಪ್ಪೆ ನೋಡ್ದೆ."

"ನೋಡಿದ ಮೇಲೆ?"

"ಹುಡುಕ್ದೆ. ಸಿಗ್ಲಿಲ್ಲ. ಸಿಕ್ಕಿದ್ರೆ ಹೇಳೋಣ ಅಂದ್ಕೊಂಡೆ. ಬರೀ ಸಿಪ್ಪೆ ತೋರಿಸಿ ಏನಂತ ಹೇಳ್ಲಿ? ಊರು ಬಿಟ್ವಿ. ಹೇಳೋ ದಿನ ದಾಟಿ ಹೋಯ್ತು."

ನನಗೆ ಬಂದ ಸಿಟ್ಟಿಗೆ ಮಿತಿಯಿರಲಿಲ್ಲ. ಬೈಯಲು ಬಾಯಿ ತೆರೆದವಳಿಗೆ ಗೆರೆ ಎಳೆದ ಆ ಸಾಲು ನೆನಪಾಯಿತು. ಭಾವ ನೋಡಿ ಸುಮ್ಮನಿದ್ದರು. ನಾನು ನೋಡದೆಯೇ ಬರೆದಿದ್ದೆ.

"ಆರು ಸಲ ಬಂದೂ ಯಾಕೆ ಸಿಗಲಿಲ್ಲ ಗೊತ್ತಾ?" ಎಂದೆ. "ಸ್ಥಳ ಮಹಜರು ಮಾಡದೆ ಹುಡುಕಿದ್ದೀರಿ. ಆ ಮೆಟ್ಟಿಲು ಹತ್ತಿ."

ಚಿತ್ರಾನ್ನವನ್ನು ಮುಚ್ಚಳಕ್ಕೆ ಸುರಿದು, ಖಾಲಿ ಡಬ್ಬಿಗೆ ಬಾಟಲಿಯ ನೀರು ತುಂಬಿ ಅವರ ಕೈಗೆ ಕೊಟ್ಟೆ. ಆ ದಿನ ಹೇಗೆ ಚೆಲ್ಲಿದಿರೋ ಹಾಗೆ ಚೆಲ್ಲಿ ಎಂದೆ. ಎಪ್ಪತ್ತೇಳರ ಡಾಕ್ಟರು ಬಾಗಿಲಿಲ್ಲದ ಮೆಟ್ಟಿಲ ತುದಿಯಲ್ಲಿ ನಿಂತು ನೇರಕ್ಕೆ ನೀರು ಎರಚಿದರು.

"ಬಾಗಿಲು ಇತ್ತಲ್ಲ? ಯಾವ ಕಡೆ ತೆರೆದುಕೊಳ್ತಿತ್ತು?"

ಅವರು ಯೋಚಿಸಿದರು. "ಸ್ಕ್ರೀನ್ ಡೋರ್. ಸ್ಪ್ರಿಂಗ್ ಇತ್ತು, ಬಿಟ್ರೆ ಹೊಡೆಯೋದು. ಬಲಗೈಲಿ ತಳ್ಳಿ ಹಿಡ್ಕೋಬೇಕಿತ್ತು."

"ಹಾಗಾದರೆ ಹಿಡಿದುಕೊಳ್ಳಿ."

ಮತ್ತೆ ನೀರು ತುಂಬಿದೆ. ಇಲ್ಲದ ಬಾಗಿಲನ್ನು ಬಲಗೈಯಲ್ಲಿ ತಳ್ಳಿ ಹಿಡಿದು ಎಡಗೈಯಲ್ಲಿ ಬೀಸಿದರು. ನೀರು ಮೂರು ಹೆಜ್ಜೆ ಮುಂದೆ ಹೋಗಲಿಲ್ಲ. ಮೆಟ್ಟಿಲ ಎಡ ಮಗ್ಗುಲಿಗೆ, ಅಲ್ಲಿದ್ದ ಹಳೆಯ ಅಂಜೂರದ ಮರದ ಬೊಡ್ಡೆಯ ಬುಡಕ್ಕೆ ಬಿತ್ತು. ಭಾವ ನನ್ನ ಮುಖ ನೋಡಿದರು.

ಬೊಡ್ಡೆಯ ಬಳಿ ಯಂತ್ರ ಮೂರನೆಯ ಸಲ ಕೂಗಿದ್ದು ಕಸದ ಸ್ವರದಲ್ಲಿ. ಬೇರುಗಳ ನಡುವೆ ಒಂದು ಗೇಣು ಆಳದಲ್ಲಿ ಮಣ್ಣಿನ ಉಂಡೆ ಸಿಕ್ಕಿತು. ಡಬ್ಬಿಯಲ್ಲಿ ಉಳಿದಿದ್ದ ನೀರಿಗೆ ಹಾಕಿ ಉಜ್ಜಿದೆ. ಅಜ್ಜಿಯ ಕಿವಿಯಲ್ಲಿದ್ದ ಕೆಂಪಿನ ಓಲೆ, ಒಂದು ಕಲ್ಲು ಉದುರಿತ್ತು, ತಿರುಪು ಇರಲಿಲ್ಲ. ಚಿನ್ನ ಮಾತ್ರ ನಿನ್ನೆ ಬಿದ್ದದ್ದರ ಹಾಗಿತ್ತು. ಭಾವ ಮೆಟ್ಟಿಲ ಮೇಲೆ ಕುಸಿದು ಕೂತು ಮುಖ ಮುಚ್ಚಿಕೊಂಡರು.

ಸ್ವಲ್ಪ ಹೊತ್ತಿನ ಮೇಲೆ ಎದ್ದು ಮಣ್ಣು ಕೊಡವಿಕೊಂಡರು. "ಬಾ ಸುಮಿ, ಹೋಗೋಣ. ನಿಮ್ಮಕ್ಕಂಗೆ ಕೊಟ್ಟುಬಿಡೋಣ."

"ಇದು ಅಕ್ಕನದಲ್ಲ ಭಾವ. ಈ ಜಾಗ ಯಾರದೋ ಅವರದು. ನಿಧಿ ನಿಕ್ಷೇಪ ಸಹಿತ."

ಅವರ ಮುಖ ಬಿಳಿಚಿಕೊಂಡಿತು. ಆದರೂ ನನ್ನ ಹಿಂದೆ ಬಂದರು.

ಅರ್ಲೀನಮ್ಮ ಬೆಳಗಿನಿಂದ ಕುರ್ಚಿ ಬಿಟ್ಟು ಎದ್ದಿರಲಿಲ್ಲ. ಅವರ ಮಾತನ್ನು ನನಗೆ ತಿಳಿದ ಕನ್ನಡದಲ್ಲಿ ಬರೆಯುತ್ತೇನೆ. ಭಾವ ಅಂಗೈಯ ಮೇಲೆ ಓಲೆ ಇಟ್ಟು ಚಾಚಿದರು. 

"ನೀವು ಯಾರು ಅಂತ ಮೊದಲ ದಿನವೇ ಗೊತ್ತಾಯಿತು ಡಾಕ್ಟರ್" ಎಂದರು ಅರ್ಲೀನಮ್ಮ. "ಹುಡುಕಲಿ ಅಂತ ಬಿಟ್ಟೆ. ನನಗೂ ತಿಳಿಯಬೇಕಿತ್ತು."

ಭಾವ ಎಲ್ಲವನ್ನೂ ಹೇಳಿದರು. ಬೋಗುಣಿ, ಸಿಪ್ಪೆ, ಹೇಳದೆ ಉಳಿದದ್ದು. ಅವರು ಕೇಳಿಸಿಕೊಂಡು ಒಂದೇ ಮಾತು ಕೇಳಿದರು.

"ಒಂದೇ ಇದೆಯಲ್ಲ. ಇನ್ನೊಂದು?"

ಭಾವ ಯಾರೂ ಹೇಳದೆಯೇ ಎರಡೂ ಜೇಬುಗಳನ್ನು ಹೊರಕ್ಕೆಳೆದು ಜಗಲಿಯ ಮೆಟ್ಟಿಲ ಮೇಲೆ ಸುರಿದರು. ಕಾರಿನ ಕೀಲಿ, ಸೋಡಾ ಕ್ಯಾನಿನ ಕಿವಿಗಳು. ಮುದುಕಿಯ ಕಣ್ಣು ನನ್ನ ಕೈಚೀಲದ ಮೇಲೆ ಬಂದು ನಿಂತಿತು. ನನ್ನ ಮೇಲೆ ಯಾರಾದರೂ ಅನುಮಾನಪಟ್ಟರೆ ಹೇಗಿರುತ್ತದೆ ಎಂದು ಅರವತ್ತು ದಾಟಿದ ಮೇಲೆ ತಿಳಿಯಿತು, ಮೈಯೆಲ್ಲ ಬಿಸಿಯಾಗುತ್ತದೆ. ನಾನೂ ಸುರಿದೆ. ಪಾಸ್‌ಪೋರ್ಟು, ಬಿಪಿ ಮಾತ್ರೆ, ಅಡಿಕೆ ಡಬ್ಬಿ, ಕೊನೆಗೆ ಟಣ್ ಎಂದು ಆ ಚಮಚ.

"ಇದು ಎಲ್ಲಿಯದು?"

"ವಿಮಾನದ್ದು."

"ಕೇಳಿ ತಂದಿರಾ?"

"ಇಲ್ಲ" ಎಂದೆ.

ಅವರ ಮೂಗಿನಿಂದ ಒಂದು ಸದ್ದು ಬಂತು, ನಗು ಇರಬಹುದು. ಚಮಚವನ್ನು ತಾವೇ ನನ್ನ ಚೀಲಕ್ಕೆ ಹಾಕಿದರು. ಆಮೇಲೆ ಕನ್ನಡಕ ಏರಿಸಿಕೊಂಡು ಭಾವನ ಅಂಗೈಯಿಂದ ಓಲೆ ತೆಗೆದುಕೊಂಡರು. ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

"ಇದು ಹೀಗಿತ್ತಾ" ಎಂದರು. "ಕಳವಾಗಿದೆ ಅಂದರೇ ಹೊರತು ಏನು ಅಂತ ನಿಮ್ಮ ಹೆಂಡತಿ ನನಗೆ ಹೇಳಲೇ ಇಲ್ಲ. ಆಮೇಲೆ ಎರಡು ವರ್ಷ ಈ ಊರಿನಲ್ಲಿ ನನ್ನನ್ನು ಯಾರೂ ಮನೆಯೊಳಗೆ ಕೆಲಸಕ್ಕೆ ಕರೆಯಲಿಲ್ಲ. ನಾನು ಕದ್ದ ವಸ್ತು ಹೇಗಿದೆ ಅಂತ ಇವತ್ತು ನೋಡಿದೆ."

ಓಲೆ ನಿಮ್ಮ ಭೂಮಿಯದು, ನಿಮ್ಮದೇ ಎಂದು ನನಗೆ ಬಂದಷ್ಟು ಇಂಗ್ಲಿಷಿನಲ್ಲಿ ಹೇಳಿದೆ. ಅವರು ಮುಷ್ಟಿ ಮುಚ್ಚಿಕೊಂಡರು.

"ಗೊತ್ತು. ಬೇಕಿದ್ದರೆ ನಿಮ್ಮ ಅಕ್ಕನೇ ಬಂದು ಕೇಳಲಿ."

ಮತ್ತೆ ಕ್ಯಾರಿ

ಸಂಜೆ ಭಾವ ಅಕ್ಕನನ್ನು ಕೋಣೆಗೆ ಕರೆದುಕೊಂಡು ಹೋಗಿ ಹೇಳಿದರು. ನಾನು ಹೊರಗೆ ನಿಂತಿದ್ದೆ. ಸಿಕ್ಕಿತು ಎಂಬ ಮಾತು ಕೇಳಿದ್ದೇ ಅಕ್ಕ, "ಯಾರ ಹತ್ರ ಸಿಕ್ತು?" ಎಂದಳು.

"ಯಾರ ಹತ್ರಾನೂ ಅಲ್ಲ. ಮಣ್ಣಲ್ಲಿ."

 ಬೈಗುಳ ಬರುತ್ತದೆ, ಅಳು ಬರುತ್ತದೆ ಎಂದು ಕಾದೆ. ಊಟಕ್ಕೂ ಅವಳು ಬರಲಿಲ್ಲ. ಮೊಮ್ಮಗಳು ತಟ್ಟೆ ಹಿಡಿದು ಹೋಗಿ ಹಾಗೇ ವಾಪಸ್ ಬಂದು, "ಅಜ್ಜಿ ಈಸ್ ಜಸ್ಟ್ ಕೂತ್ಕೊಂಡಿದಾರೆ" ಎಂದಳು.

ಬೆಳಗ್ಗೆ ನಾನು ಕಾಫಿ ಹಿಡಿದು ಹೊರಗೆ ಬಂದರೆ ಅಕ್ಕ ಆಗಲೇ ಕಾರಿನ ಮುಂದಿನ ಸೀಟಿನಲ್ಲಿ ಕೂತಿದ್ದಳು. ಒಳ್ಳೆಯ ಸೀರೆ ಉಟ್ಟಿದ್ದಳು. ಕಿವಿಯಲ್ಲಿ ಏನೂ ಇರಲಿಲ್ಲ. ಕೈಚೀಲದ ಬಾಯಿ ತೆರೆದು ಮಡಿಲಲ್ಲಿ ಇಟ್ಟುಕೊಂಡಿದ್ದಳು.

"ಅಕ್ಕ, ಆ ಓಲೆ ನಮ್ಮದಲ್ಲ. ಕೇಳಿದರೂ ಅವರು ಕೊಡಬೇಕು ಅಂತಿಲ್ಲ" ಎಂದೆ.

"ಓಲೆ ಕೇಳಕ್ಕೆ ಯಾರು ಹೋಗ್ತಿದಾರೆ?" ಎಂದಳು. "ಹತ್ತು ಹಿಂದೆ. ದೂರ ಇದೆ."

ಭಾವ ಯಂತ್ರವನ್ನು ಮನೆಯಲ್ಲೇ ಬಿಟ್ಟು ಬಂದು ಗಾಡಿ ಸ್ಟಾರ್ಟ್ ಮಾಡಿದರು.